ಜನ್ನಾಪುರದ ಮೋಡೆಮ್‌ನಲ್ಲಿ ನಿಲ್ಲದ ಬೀಗ

೨೦೦೭ರಲ್ಲಿ ನಾನು ಶಿವಮೊಗ್ಗದ ವಿನೋಬನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಸರ್ವೀಸ್ ಎಂಜಿನಿಯರ್ ಆಗಿದ್ದೆ. ಹೆಸರಿಗೆ ಎಂಜಿನಿಯರ್, ಅರ್ಧ ಕೆಲಸ ಬಸ್ಸು ಹತ್ತಿ ಇಳಿಯುವುದು. ಬ್ರಾಡ್‌ಬ್ಯಾಂಡ್ ಆಗಷ್ಟೇ ಮನೆಗಳಿಗೆ ಬರತೊಡಗಿತ್ತು, ಅದರ ಬೆನ್ನಿಗೇ ತಂದೆತಾಯಿಯರ ಭಯವೂ ಬಂದಿತ್ತು. ಮಕ್ಕಳಿಗೆ ಕೆಟ್ಟದ್ದು ಕಾಣದ ಹಾಗೆ ಬೀಗ ಹಾಕಿಕೊಡಿ ಎಂದು ಕೇಳಿಕೊಂಡು ಬರುವವರು ಹೆಚ್ಚಾಗಿದ್ದರು.

ಭದ್ರಾವತಿಯ ಜನ್ನಾಪುರದ ರುದ್ರೇಶಪ್ಪನವರೂ ಹಾಗೆ ಬಂದವರು. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಬಿಡಿಭಾಗಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಎಂದು ಬರೆಯುವುದು ಅವರ ಕೆಲಸ. ಒಬ್ಬಳೇ ಮಗಳು ವೀಣಾ ಕಂಪ್ಯೂಟರ್ ಡಿಪ್ಲೊಮಾದ ಎರಡನೇ ವರ್ಷದಲ್ಲಿದ್ದಳು.

ನಾವು ಜಾಲತಾಣದ ಹೆಸರು ಟೈಪ್ ಮಾಡಿದಾಗ ಅದರ ಅಂಕಿ ವಿಳಾಸವನ್ನು ಹುಡುಕಿಕೊಡುವ ಸರ್ವರ್ ಒಂದಿರುತ್ತದೆ. ಅದೇ ಡಿಎನ್‌ಎಸ್. ಕಂಪನಿಯವರ ಡಿಎನ್‌ಎಸ್ ತೆಗೆದು, ಕೆಟ್ಟ ತಾಣಗಳ ವಿಳಾಸ ಹೇಳಲು ಒಪ್ಪದ ಇನ್ನೊಂದರ ಅಂಕಿಗಳನ್ನು ಮೋಡೆಮ್‌ನಲ್ಲಿ ತುಂಬಿದರೆ ಇಡೀ ಮನೆಗೆ ಬೀಗ ಬಿದ್ದಂತೆ. ಅವರ ಮನೆಗೆ ಹೋಗಿ ಹಾಗೇ ತುಂಬಿದೆ. ಯಾರೂ ಒಳಹೊಕ್ಕು ಬದಲಿಸದಂತೆ ಮೋಡೆಮ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟೆ. ಬೀಗ ಇದೆಯೇ ಎಂದು ನೋಡಲು ಒಂದು ಪರೀಕ್ಷಾ ವಿಳಾಸವನ್ನೂ ಬರೆದುಕೊಟ್ಟೆ.

“ದಿನಾ ಚೆಕ್ ಮಾಡ್ತೀನಿ ಬಿಡಿ. ನಾವು ಅಳೆಯೋ ಗೇಜನ್ನೇ ನಂಬಲ್ಲ, ಅದನ್ನೂ ಚೆಕ್ ಮಾಡ್ತೀವಿ” ಎಂದರು.

ಮಾರನೆಯ ಸಂಜೆಯೇ ಫೋನ್ ಬಂತು. “ನೀವು ಬೀಗ ಹಾಕಿದ್ರೋ, ಬೀಗದ ಚಿತ್ರ ಅಂಟಿಸಿ ಹೋದ್ರೋ ಮಾರಾಯ್ರೆ?”

ಹೋಗಿ ನೋಡಿದರೆ ಕಂಪನಿಯ ಹಳೆಯ ಡಿಎನ್‌ಎಸ್ ಮತ್ತೆ ಬಂದು ಕೂತಿತ್ತು. ನನ್ನ ಪಾಸ್‌ವರ್ಡನ್ನು ಮೋಡೆಮ್ ಒಪ್ಪಲಿಲ್ಲ, ಮೊದಲಿನದನ್ನೇ ಒಪ್ಪಿತು. ನನಗೆ ಎಲ್ಲ ಗೊತ್ತಾದಂತಾಯಿತು.

“ಹಿಂದೆ ಸಣ್ಣ ತೂತಿದೆ ನೋಡಿ ಸಾರ್. ಪಿನ್ ಹಾಕಿ ಒತ್ತಿದ್ರೆ ನಾವು ಹಾಕಿದ್ದೆಲ್ಲ ಅಳಿಸಿಹೋಗುತ್ತೆ. ಯಾರೋ ಒತ್ತಿದ್ದಾರೆ.”

“ಯಾರೋ ಅಂದ್ರೆ? ಮನೇಲಿರೋದೇ ಮೂರು ಜನ.”

ಅವರ ಹೆಂಡತಿ ಗಿರಿಜಮ್ಮ ಅಡುಗೆಮನೆಯಿಂದಲೇ ಹೇಳಿದರು: “ನನ್ನನ್ನ ಬಿಟ್ಟುಬಿಡಿ. ಅದರ ಮುಂದೆ ಯಾವುದು, ಹಿಂದೆ ಯಾವುದು ಅಂತಾನೇ ನಂಗೊತ್ತಿಲ್ಲ.”

“ನಾನು ಮುಟ್ಟಿಲ್ಲ ಅಪ್ಪ” ಎಂದಳು ವೀಣಾ. ರುದ್ರೇಶಪ್ಪ ಅವಳ ಹೆಗಲ ಮೇಲೆ ದುಪಟ್ಟಾಕ್ಕೆ ಚುಚ್ಚಿದ್ದ ಪಿನ್ನನ್ನು ನೋಡುತ್ತಿದ್ದರು. ಅದನ್ನು ನಾನೂ ನೋಡಿದೆ. ಮತ್ತೆ ಬೀಗ ಹಾಕಿ, ಕಾಫಿ ಕುಡಿದು ಬಸ್ಸಿಗೆ ಬಂದೆ.

ಆಮೇಲೆ ಫೋನಿಲ್ಲ. ಸರಿಹೋಯಿತು ಎಂದುಕೊಂಡೆ.

ಎರಡು ವಾರದ ನಂತರ ಆಲ್ಕೊಳದ ಒಂದು ಮನೆಯಲ್ಲಿ ಅಂಥದೇ ಮೋಡೆಮ್ ಕೈಗೆ ಬಂತು. ಅವರು ಪಾಸ್‌ವರ್ಡ್ ಮರೆತಿದ್ದರು, ನಾನು ಪಿನ್ ಹಾಕಿ ಒತ್ತಿದೆ. ಇಂಟರ್‌ನೆಟ್ಟೇ ಸತ್ತುಹೋಯಿತು. ಸಂಪರ್ಕದ ಯೂಸರ್‌ನೇಮ್ ಕೂಡ ಅಳಿಸಿತ್ತು, ಅದನ್ನು ಮೊದಲಿನಿಂದ ತುಂಬಬೇಕಾಯಿತು. ಅಲ್ಲೇ ಕೈ ನಿಂತಿತು. ಜನ್ನಾಪುರದಲ್ಲಿ ಬೀಗ ಹೋಗಿದ್ದರೂ ಇಂಟರ್‌ನೆಟ್ ಓಡುತ್ತಲೇ ಇತ್ತಲ್ಲ! ಅಂದರೆ ಅಲ್ಲಿ ಯಾರೂ ಪಿನ್ ಒತ್ತಿಯೇ ಇರಲಿಲ್ಲ.

ಜನ್ನಾಪುರಕ್ಕೆ ಫೋನ್ ಮಾಡಿದೆ. ಎತ್ತಿದವರು ಗಿರಿಜಮ್ಮ. “ಆ ಬೀಗ ಮಾರನೇ ದಿನಾನೇ ಮತ್ತೆ ಹೋಯ್ತು. ಓದಿಸಿದ್ದಕ್ಕೆ ಬೀಗ ಮುರಿಯೋದು ಕಲಿತಳು ಅಂತ ಇವರು ಅವಳನ್ನ ಕಾಲೇಜಿಗೇ ಕಳಿಸ್ತಿಲ್ಲ. ಗಂಡು ನೋಡೋಕೆ ಹೇಳಿದ್ದಾರೆ. ಅವಳು ಊಟಕ್ಕೆ ಕರೆದ್ರೂ ಬರಲ್ಲ ಮಾರಾಯ್ರೆ.”

ರುದ್ರೇಶಪ್ಪನವರ ರಜಾ ದಿನ ಕೇಳಿಕೊಂಡು ಹೋದೆ. ಒಂದೇ ಪ್ರಶ್ನೆ ಕೇಳಿದೆ: “ಈ ಮೋಡೆಮ್‌ನ ಯಾವಾಗಾದ್ರೂ ಆಫ್ ಮಾಡ್ತೀರಾ ಸಾರ್?”

“ಡ್ಯೂಟಿಗೆ ಹೋಗುವಾಗ ಪ್ಲಗ್ ಕಿತ್ತೇ ಹೋಗೋದು. ಮಿಂಚಿನ ಕಾಲ. ಮಷೀನ್ ಬಿಟ್ಟು ಹೋಗೋನು ಕರೆಂಟ್ ತೆಗೀಬೇಕು, ನಮ್ ಕಾರ್ಖಾನೇಲಿ ಅದು ರೂಲು. ಬಂದು ಹಾಕ್ತೀನಿ, ಚೆಕ್ ಮಾಡ್ತೀನಿ.”

ಎಲ್ಲರೆದುರು ಬೀಗ ಹಾಕಿ ತೋರಿಸಿದೆ. ಅವರ ಕೈಯಲ್ಲೇ ಪ್ಲಗ್ ತೆಗೆಸಿ ಮತ್ತೆ ಹಾಕಿಸಿದೆ. ಬೀಗ ಇರಲಿಲ್ಲ. ಆ ಮೋಡೆಮ್‌ನಲ್ಲಿ ‘ಅಪ್ಲೈ’ ಒತ್ತಿದರೆ ಬದಲಾವಣೆ ಕರೆಂಟ್ ಇರುವವರೆಗೆ ಮಾತ್ರ. ಉಳಿಯಬೇಕಾದರೆ ಬೇರೊಂದು ಪುಟಕ್ಕೆ ಹೋಗಿ ‘ಸೇವ್’ ಒತ್ತಬೇಕು. ಸಂಪರ್ಕ ಕೊಟ್ಟವನು ಯೂಸರ್‌ನೇಮ್ ತುಂಬಿ ಅದನ್ನು ಒತ್ತಿದ್ದ. ನಾನು ಎರಡು ಸಲ ಬಂದೂ ಒತ್ತಿರಲಿಲ್ಲ.

“ತಪ್ಪು ನನ್ನದು ಸಾರ್. ಪಿನ್ನಿನ ಮಾತು ನಾನು ಆಡಬಾರದಿತ್ತು.”

ರುದ್ರೇಶಪ್ಪ ಆ ಪರೀಕ್ಷಾ ವಿಳಾಸವನ್ನು ತಾವೇ ಇನ್ನೊಮ್ಮೆ ಟೈಪ್ ಮಾಡಿ ನೋಡಿದರು. “ಒಂದು ಪೀಸ್ ರಿಜೆಕ್ಟ್ ಮಾಡೋಕೂ ನಾವು ಎರಡು ಸಲ ಅಳೀತೀವಿ” ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ನನಗೆ ಹೇಳಿದರು: “ಇನ್ನು ಬೀಗ ಬೇಡ, ಹೀಗೇ ಬಿಟ್ಟುಬಿಡಿ. ನಾಳೆ ನಾನೇ ಇವಳನ್ನ ಕಾಲೇಜಿಗೆ ಬಿಟ್ಟುಬರ್ತೀನಿ.”

“ಕಾಲೇಜಲ್ಲಿ ಟೆಸ್ಟ್ ಆಗಿಹೋಯ್ತು ಅಪ್ಪ” ಎಂದಳು ವೀಣಾ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅಂದಿನಿಂದ ಯಾರ ಮನೆಯಲ್ಲೂ ‘ಯಾರೋ ಮಾಡಿದ್ದಾರೆ’ ಎಂಬ ಮಾತು ನಾನು ಆಡಿಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ. ನಾವು ತಂತ್ರಜ್ಞರು ಅಂದಾಜಿಗೆ ಆಡಿದ್ದು ಮನೆಯವರಿಗೆ ಸಾಕ್ಷಿಯಾಗುತ್ತದೆ. ನಾವು ಬಸ್ಸು ಹತ್ತಿದ ಮೇಲೂ ಅದು ಆ ಮನೆಯಲ್ಲೇ ಉಳಿಯುತ್ತದೆ.

ಆ ದಿನ ಬೀಗ ಹಾಕದೆಯೇ ನಾನು ಏಳುವಾಗ ವೀಣಾ ಪಕ್ಕಕ್ಕೆ ಬಂದು ನಿಂತಳು.

“ಹಾಗೇ ಬಿಡಬೇಡಿ ಸಾರ್. ಬೀಗ ಹಾಕಿ, ಸೇವ್ ಮಾಡಿ. ಪಾಸ್‌ವರ್ಡ್ ನಂಗೆ ಕಾಣದ ಹಾಗೆ ಅಪ್ಪನ ಹತ್ರ ಬರೆಸಿ. ನಾಳೆ ಇನ್ನೇನಾದ್ರೂ ಕೆಟ್ರೆ ನನ್ನ ಮೇಲೆ ಬರಬಾರದು.”

ರುದ್ರೇಶಪ್ಪ ಪೆನ್ನು ತೆಗೆದುಕೊಂಡರು. ಬರೆಯಲು ಅವರಿಗೆ ಆಗಲಿಲ್ಲ.