ಬರ್ಮಾದ ಗೆಳೆಯನಿಗೆ ಹಾಕಿದ ಎಲೆ

ಐವತ್ತಾರನೇ ಇಸವಿಯಲ್ಲಿ ನಾನು ವಂಡ್ಸೆಯ ಮನೆಗೆ ಸೊಸೆಯಾಗಿ ಬಂದಾಗ ಆ ಮನೆಯಲ್ಲಿ ಬರ್ಮಾ ಯುದ್ಧ ಇನ್ನೂ ಮುಗಿದಿರಲಿಲ್ಲ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಪಲ್ಟಣದಿಂದ ಹಿಂತಿರುಗಿ ಹತ್ತು ವರ್ಷವಾಗಿತ್ತು. ಆದರೂ ಸಂಜೆ ಚಾ ಕುಡಿಯಲು ಜಗಲಿಗೆ ನಾಲ್ಕು ಜನ ಬಂದರೆ ಸಾಕು, ಅವರ ಕತೆಯಲ್ಲಿ ಗುಂಡು ಹಾರಲು ಶುರು. ಈ ವಾರ ದಾಟಿದ ತೊರೆ ಮುಂದಿನ ವಾರಕ್ಕೆ ಮಹಾನದಿಯಾಗುತ್ತಿತ್ತು. ನಾನು ಒಳಗೆ ದೋಸೆ ಹುಯ್ಯುತ್ತ, ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಕತೆಯಲ್ಲೆಲ್ಲ ದೊಡ್ಡ ಶೂರ ಹತ್ತಿರದ ಕೆರಾಡಿ ಊರಿನ ಅವರ ಗೆಳೆಯ. ಭಾವನ ಜೊತೆಗೇ ಪಲ್ಟಣ ಸೇರಿದವನು, ದೇವರ ಹೆಸರು ಕೂಗುತ್ತ ಶತ್ರುಗಳ ಮೇಲೆ ನುಗ್ಗಿ ಸತ್ತನಂತೆ. ಅವನ ತಾಯಿಗೂ ಭಾವ ಹಾಗೆಯೇ ಹೇಳಿದ್ದರು. ನಮ್ಮಲ್ಲಿ ದೀಪಾವಳಿಗೆ ತೀರಿಹೋದವರಿಗೆಂದು ಎಲೆ ಹಾಕಿ, ಅವರಿಗೆ ಇಷ್ಟವಾದ ಮೀನು, ಕೋಳಿ ಬಡಿಸುವ ಕ್ರಮ. ವೀರಸ್ವರ್ಗಕ್ಕೆ ಹೋದವನಿಗೆ ಮೀನು ಬಡಿಸುವುದುಂಟೇ ಎಂದು ಆ ಅಜ್ಜಿ ಮಗನ ಎಲೆಗೆ ದೇವರ ನೈವೇದ್ಯದಂತೆ ಪಾಯಸ ಬಡಿಸುತ್ತಿದ್ದರು. ಪ್ರತಿ ವರ್ಷ ಭಾವ ಹೋಗಿ ಕೂರುತ್ತಿದ್ದರು. ಅಡುಗೆಗೆ ಕೈಜೋಡಿಸಲು ನಾನೂ ಜೊತೆಗೆ.

ಅರವತ್ತೈದರಲ್ಲಿ ರೇಡಿಯೋದಲ್ಲಿ ಯುದ್ಧದ ಸುದ್ದಿ ಬಂದಾಗ ಜಗಲಿಯಲ್ಲಿದ್ದವರು, "ಹ್ವಾಯ್, ಬರ್ಮಾದ್ ಕತಿ ಹೇಳಿ" ಎಂದು ದುಂಬಾಲು ಬಿದ್ದರು. ಭಾವ ಎದ್ದು ಕೊಟ್ಟಿಗೆಗೆ ಹೋದರು. ಆಮೇಲೆ ಕತೆ ನಿಂತೇಹೋಯಿತು. ಕೇಳಿದರೆ ಸಿಡುಕುವುದು. ಕೆರಾಡಿಯಲ್ಲಿ ಆ ಪಾಯಸ ಕಂಡರಂತೂ ಮುಖ ತಿರುಗಿಸುವುದು. ನನಗೆ ಸಿಟ್ಟೇ ಬರುತ್ತಿತ್ತು.

ಎಪ್ಪತ್ತು ಕಳೆದ ಮೇಲಿನ ಒಂದು ದೀಪಾವಳಿ. ಅಜ್ಜಿ ಪಾಯಸದ ಸೌಟು ಎತ್ತಿದಾಗ ಭಾವ ಅವರ ಕೈ ಹಿಡಿದರು. ಅವರು ಅಜ್ಜಿಯನ್ನು ಅಬ್ಬಿ, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು.

"ಅಬ್ಬಿ, ನಾ ಹೇಳದ್ದೆಲ್ಲ ಸುಳ್ಳ್. ಅವ ಜ್ವರ ಬಂದ್ ಸತ್ತದ್. ಕಡಿಗೆ ಗಂಜಿ, ಒಣಮೀನ್ ಚಟ್ನಿ ಬೇಕ್ ಅಂದ. ನನ್ಹತ್ರ ಎಂತದೂ ಇರ್ಲಿಲ್ಲ."

ಅಜ್ಜಿ ಅಳಲಿಲ್ಲ, ಬೈಯಲೂ ಇಲ್ಲ. "ಅಯ್ಯೋ ಮಗಾ, ಇಷ್ಟ್ ವರ್ಷ ಅವ ಹಸ್ಕಂಡೇ ಹೋದ್ನಲ್ಲ! ಸೀ ಪಾಯ್ಸ ಕಂಡ್ರೆ ಅವ್ನಿಗೆ ಆತಿರ್ಲಿಲ್ಲ" ಎಂದು ಗಡಬಡಿಸಿ ಬೇರೆ ಎಲೆ ಹಾಕಿದರು. ನಾನು ಒಣಮೀನು ಸುಟ್ಟು, ಕಾಯಿ, ಮೆಣಸು ಸೇರಿಸಿ ಅರೆದೆ. ಭಾವ ಕುಚ್ಚಲಕ್ಕಿ ಗಂಜಿಯ ಬಟ್ಟಲನ್ನು ಎಲೆಯ ಮೇಲಿಟ್ಟರು. ಅವರ ಮೇಲೆ ನನಗೆ ಅಷ್ಟು ಮಮತೆ ಎಂದೂ ಬಂದಿರಲಿಲ್ಲ.

ಬಡಿಸಿದ ಮೇಲೆ, ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗಿರಬೇಕು. ಅಂಗಳದಲ್ಲಿ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ತೆರೆಯಲೆಂದು ಬಾಗಿಲಿಗೆ ಕೈ ಹಾಕಿದರು.

"ತಡಿ ಅಬ್ಬಿ," ಎಂದರು ಭಾವ. "ಅವ ಉಂಬುದ್ ನಿಧಾನ."