ಮೊಹರಿನ ಕಾಗದ

ರಜೆಗೆಂದು ಊರಿಗೆ ಹೋಗಿ ತಿರುಗಿ ಬಾರದ ಹುಡುಗರನ್ನು ಹುಡುಕಿ ತರುವ ಕೆಲಸ ಪ್ರತಿ ವರ್ಷ ಕಾಲೇಜಿನ ಗುಮಾಸ್ತನಾದ ನನ್ನ ಕೊರಳಿಗೇ ಬೀಳುತ್ತಿತ್ತು. ಆ ವರ್ಷ ಚಿತ್ತಾಪುರ, ಸೇಡಂ ತಿರುಗಿ ಸಾಕಾಗಿ ಮಳಖೇಡದ ಒಂದು ಮನೆಗೆ ಹೋದೆ. ಆ ವಂಶದಲ್ಲಿ ಮೆಟ್ರಿಕ್ ಪಾಸಾದವನು ಆ ಮನೆಯ ಹುಡುಗನೊಬ್ಬನೇ.

"ಅಂವ ಇಲ್ರಿ. ಚಿಂಚೋಳಿಗಿ ಕಳಿಸೀವಿ," ಎಂದ ತಂದೆ, ಬಾಗಿಲಿಗೆ ಅಡ್ಡ ನಿಂತು.

"ಹಾಸ್ಟೆಲಿನಾಗ ಜಾಗ ಸಿಕ್ಕದ, ಲಗೂನ ಬಾ ಅಂತ ನಾನ ಕಾಗದ ಬರದಿದ್ನಲ್ರಿ?"

ಹುಡುಗನ ತಾಯಿ ಆ ಕಾಗದ ತಂದು ತೋರಿಸಿದಳು. ಒಡೆದೇ ಇರಲಿಲ್ಲ. "ನಿಜಾಮ ಸರ್ಕಾರದ ಮೊಹರು ಅದರಿ. ಚಲೋ ಸುದ್ದಿ ಇದ್ರ ಮೂಲಿಗಿ ಅರಿಷಿಣ ಹಚ್ಚತಿದ್ರಿ, ಹೌದಿಲ್ರಿ? ಮಗನ್ನ ಹಿಡಿಲಿಕ್ಕಿ ಬರ್ತಾರಂತ ಅಂಜಿ ಕಳಿಸಿಬಿಟ್ವಿ."

ಮೊಹರು ಒತ್ತಿದವನು ನಾನೇ. ಅವನನ್ನು ಕರೆಸುವಷ್ಟರಲ್ಲಿ ಜಾಗ ಬೇರೆಯವನಿಗೆ ಹೋಗಿತ್ತು.

ಮರುವರ್ಷ ಎಲ್ಲ ಕಾಗದಗಳ ಮೂಲೆಗೂ ಅರಿಷಿಣ ಹಚ್ಚಿ ಕಳಿಸಿದೆ. ಮಳಖೇಡದ ಹುಡುಗ ಬಂದ. ಜೊತೆಗೆ ಹೊಸ ಬಟ್ಟೆ ಉಟ್ಟ ಅಜ್ಜಿ, ಅತ್ತೆ, ವಾಡಿಯ ಸೋದರಮಾವ, ಒಟ್ಟು ಹನ್ನೊಂದು ಮಂದಿ. ಪ್ರಿನ್ಸಿಪಾಲ್ ಸಾಹೇಬರು ನನ್ನನ್ನೇ ದುರುಗುಟ್ಟಿ ನೋಡಿದರು. ಅಜ್ಜಿ ಮೊಮ್ಮಗನಿಗೆ ಹೇಳಿದಳು: "ಇಷ್ಟು ಮಂದಿ ಬಂದು ಬಿಟ್ಟು ಹೊಂಟೀವಿ. ನಡುವ ಓಡಿ ಬಂದ್ರ ಊರಾಗ ನಾವು ಮಾರಿ ಹ್ಯಾಂಗ ತೋರಿಸಬೇಕು?"

ಪಾಸಾಗುವ ತನಕ ಅವನು ಓಡಿ ಹೋಗಲಿಲ್ಲ. ಅವನನ್ನು ಬಿಡಲು ಬಂದ ದಿನ ಅಜ್ಜಿ ನನ್ನ ಕಡೆ ತಿರುಗಿ, "ಊಟಕ್ಕ ಎಲ್ಲಿ ಕುಂದ್ರಬೇಕ್ರಿ?" ಅಂದಿದ್ದಳು. ಹನ್ನೊಂದು ಮಂದಿಗೆ ರೊಟ್ಟಿ ಬಡಿದ ನನ್ನ ಹೆಂಡತಿ ಅಂದಿನಿಂದ ಅರಿಷಿಣದ ಡಬ್ಬಿಯನ್ನು ಬೀಗದಲ್ಲಿ ಇಡುತ್ತಾಳೆ.