ಸಂತನ ಕಾಲಡಿಯ ಕಚ್ಚು

ಇಂಗ್ಲೆಂಡಿನ ಸಫಕ್‌ನ ಗೋಧಿ ಕೊಯ್ದ ಹೊಲಕ್ಕೆ ಇನ್ನೂ ಬೆಳಕು ಹರಿದಿಲ್ಲ. ಗೇಟಿನ ಬುಡದಲ್ಲಿ ಮಂಡಿಯೂರಿದ ವಿಲ್ಫ್ರೆಡ್ ಗ್ಯಾರಡ್ ರದ್ದಿ ಡಬ್ಬವನ್ನು ಗೋಣಿಯ ಮೇಲೆ ಮಗುಚುತ್ತಾರೆ. ಸೀಸದ ಚೂರು, ತೋಟಾದ ಹಿತ್ತಾಳೆ, ಜಜ್ಜಿದ ಬಿಯರ್ ಡಬ್ಬಿಗಳು. ಲೋಹಶೋಧಕ ಹಿಡಿದು ಹಳೇ ವಸ್ತು ಹುಡುಕುತ್ತ ಹೊಲ ಸುತ್ತುವವರು ಬೇಡದ್ದನ್ನು ಮಣ್ಣಿಗೆ ಮರಳಿ ಎಸೆಯುವಂತಿಲ್ಲ; ಈ ಡಬ್ಬಕ್ಕೇ ಹಾಕಬೇಕು. ಇವತ್ತು ಗುಜರಿಯವನು ಬರುವ ದಿನ. ಗ್ಯಾರಡ್ ಕೂತಲ್ಲಿ ಕೂರಲಾರದೆ ಎದ್ದೆದ್ದು ರಸ್ತೆ ನೋಡುತ್ತಾರೆ.

ಟ್ರ್ಯಾಕ್ಟರ್ ರಿಪೇರಿಯಲ್ಲಿ ಸವೆದ ಕೈ. ತಾಯಿ ದೊಡ್ಡಮನೆಯಲ್ಲಿ ಬೆಳ್ಳಿ ತಿಕ್ಕುತ್ತಿದ್ದಳು. ಚಮಚದ ಕಾಲ ಹೇಳುವುದನ್ನು ಅವಳಿಂದಲೇ ಕಲಿತರು. "ಹಿಡಿ ತುದಿ ನಾಯಿ ಮೂತಿ ಹಂಗಿದ್ರೆ ಆನ್ ರಾಣಿ ಕಾಲದ್ದು, ಮುನ್ನೂರು ವರ್ಷ ಹಳೇದು. ಬಟ್ಟಲ ಬೆನ್ನಿಗೆ ಇಲಿಬಾಲದ ಹಂಗೆ ಉಬ್ಬುಗೆರೆ ಇದ್ಯಾ ಅಂತ ಬೆರಳಾಡ್ಸಿ ನೋಡ್ಬೇಕು," ಎನ್ನುತ್ತಾರೆ. ಭಾನುವಾರ ಹೊಲದಂಚಿನ ಚಹಾದ ಡೇರೆಯಲ್ಲಿ, ಸಿಕ್ಕಿದ್ದನ್ನು ತೋರಿಸಲು ಬಂದವರ ಸಾಲು ಅವರ ಮುಂದೆ ನಿಲ್ಲುತ್ತದೆ. ಸಂಬಳ ಒಂದು ತುಂಡು ಕೇಕು.

ಹೋದ ಭಾನುವಾರ ಶಾಲೆ ಬಸ್ಸಿನ ಚಾಲಕಿ ಮ್ಯಾವಿಸ್ ಹೊಲದಲ್ಲಿ ಸಿಕ್ಕ, ಮುರಿದ ಚಮಚದ ಹಿಡಿಯ ತುದಿಯೊಂದನ್ನು ತಂದಿದ್ದಳು. ಬೆರಳುದ್ದವೂ ಇಲ್ಲದ ಸಂತನ ಗೊಂಬೆ, ಮುಖ ಸವೆದಿತ್ತು. ಪ್ರವಾಸಿಗರಿಗೆ ಮಾರುವ ನಕಲು, ಡಬ್ಬಕ್ಕೆ ಹಾಕು ಅಂದುಬಿಟ್ಟರು ಗ್ಯಾರಡ್. ಮನೆಗೆ ಹೋಗಿ ಆಲೂಗಡ್ಡೆ ಹೆರೆಯುವಾಗ ಹೆಬ್ಬೆರಳಿಗೆ ನೆನಪಾಯಿತು: ಸಂತನ ಕಾಲಡಿ ಉಗುರಿಗೆ ಏನೋ ತಡೆದಿತ್ತಲ್ಲ! ನಕಲಿ ಚಮಚವನ್ನು ಗೊಂಬೆ ಸಮೇತ ಒಂದೇ ಅಚ್ಚಿನಲ್ಲಿ ಎರೆಯುತ್ತಾರೆ. ಹಳೇ ಅಕ್ಕಸಾಲಿಗರು ಗೊಂಬೆ ಬೇರೆ ಮಾಡಿ, ಅದರ ಕಾಲಡಿಗೂ ಹಿಡಿಗೂ ಕಚ್ಚು ಕೊರೆದು ಕೂರಿಸುತ್ತಿದ್ದರು. ಅಂದಿನಿಂದ ಊಟ ರುಚಿಸಿಲ್ಲ.

"ಏನ್ ಮುದುಕಪ್ಪಾ, ತಳದಲ್ಲಿ ಬಿಯರ್ ಉಳಿದಿದ್ಯಾ?" ಮ್ಯಾವಿಸ್ ಬರುತ್ತಾಳೆ.

"ನಿನ್ ಸಂತನ್ನ ಹುಡುಕ್ತಿದೀನಿ ಕಣಮ್ಮ. ನಾನ್ ಹೇಳಿದ್ದು ತಪ್ಪು."

ಅವಳ ನಗು ನಿಲ್ಲುತ್ತದೆ. ತಾನೂ ಮಂಡಿಯೂರುತ್ತಾಳೆ. ಗೋಣಿಯ ಮೇಲಿನ ರಾಶಿಯನ್ನು ಎರಡು ಸಲ ತಡಕಿದರೂ ಸಂತನಿಲ್ಲ. ಗುಜರಿ ಲಾರಿ ತಿರುವಿನಲ್ಲಿ ಕಾಣಿಸುತ್ತದೆ. ಮ್ಯಾವಿಸ್ ಫ್ಲಾಸ್ಕು ಹಿಡಿದು ಗುಜರಿಯವನಿಗೆ ಚಹಾ ಕುಡಿಸಿ ತಡೆಯಲು ಓಡುತ್ತಾಳೆ.

ಗ್ಯಾರಡ್ ಬಿಯರ್ ಡಬ್ಬಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಂದು ಕಿಣಿ ಎನ್ನುತ್ತದೆ. ಕತ್ತರಿಸಿ ಬಿಡಿಸಿದರೆ, ಒಳಗೆ ಸಂತ. ಕಾಲಡಿ ಕೂದಲೆಳೆಯಷ್ಟು ಸಣ್ಣ ಕಚ್ಚು.

ಮುನ್ನೂರು ವರ್ಷಕ್ಕೂ ಹಳೆಯ ಬೆಳ್ಳಿಯ ಸುದ್ದಿಯನ್ನು ಕಾನೂನಿನಂತೆ ಸರ್ಕಾರಕ್ಕೆ ಮುಟ್ಟಿಸಬೇಕು. ಆಮೇಲೆ ಅದು ಪಟ್ಟಣದ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಸೇರಬಹುದು. ಪಕ್ಕದಲ್ಲಿಡುವ, ಹುಡುಕಿದವರ ಚೀಟಿಯಲ್ಲಿ ನಿನ್ನ ಹೆಸರೂ ಇರಲಿ ಎಂದು ಮ್ಯಾವಿಸ್ ಹಟ ಹಿಡಿಯುತ್ತಾಳೆ.

ಗ್ಯಾರಡ್ ಬರಿದಾದ ಡಬ್ಬವನ್ನು ಗೇಟಿಗೆ ಮತ್ತೆ ನೇತುಹಾಕುತ್ತಾರೆ.

"ಅಲ್ಲಿ ನಿಂದೊಂದೇ ಇರ್ಲಿ. ನಂದು ಬರೀಲೇಬೇಕು ಅಂದ್ರೆ ಈ ಡಬ್ಬದ ಮೇಲೆ ಬರಿ. ಇದ್ರೊಳಗೆ ಏನೇ ಬೀಳೋಕ್ ಮುಂಚೆ ಎಲ್ಲಾರೂ ಇನ್ನೊಂದ್ ಸಲ ನನಗೆ ತೋರ್ಸ್ಲಿ."